ಒಂದೇ ಕೀಗೆ ಎರಡು ಕಾರು

ರಾತ್ರಿ ಹನ್ನೊಂದೂವರೆ ದಾಟಿತ್ತು. ಕಿಟಕಿಯ ಆಚೆ ಬೀದಿಯಲ್ಲಿ ‘ಟಕ್’ ಎಂದು ಒಂದು ಸಣ್ಣ ಸದ್ದಾಯಿತು. ಅಡಕತ್ತರಿಯಲ್ಲಿ ಅಡಿಕೆ ಹೋಳಾದಷ್ಟೇ ಸದ್ದು. ರಾಜಮ್ಮ ಮಲಗಿದ್ದರು, ನಿದ್ದೆ ಬಂದಿರಲಿಲ್ಲ. ಆ ಸದ್ದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಾರಿನ ಸ್ವಿಚ್ಚಿನಲ್ಲಿ ಕೀ ತಿರುಗಿದಾಗ ಹಾಗೆಯೇ ಆಗುತ್ತದೆ. ಸ್ವಲ್ಪ ಹೊತ್ತಿಗೆ ಎಂಜಿನ್ನು ಗುರುಗುಟ್ಟಿತು, ಕಾರು ಬೀದಿಯ ಕೊನೆಗೆ ಹೋಗಿ ತಿರುಗಿಕೊಂಡಿತು. ಡ್ರೈವರ್ ಭೂತಪ್ಪ ಕಾರನ್ನು ಶೆಡ್ಡಿಗೆ ಬಿಡಲು ಹೊರಟಿರಬೇಕು ಎಂದುಕೊಂಡು ಅವರು ಮಗ್ಗುಲು ಬದಲಿಸಿದರು.

ಬೆಳಿಗ್ಗೆ ಎದ್ದು ನೋಡಿದರೆ ಶೆಡ್ಡೂ ಖಾಲಿ, ಮನೆಯ ಮುಂದೂ ಖಾಲಿ.

ಇದು ಸಾವಿರದ ಒಂಬೈನೂರ ಮೂವತ್ತೆಂಟರ ಮಾತು. ಆಗ ಶಿವಮೊಗ್ಗದಲ್ಲಿ ಇದ್ದ ಕಾರುಗಳೇ ಕಡಿಮೆ. ಹಾರ್ನ್ ಕೇಳಿಯೇ ಇಂಥವರ ಕಾರು ಎಂದು ಹೇಳುವ ಜನರಿದ್ದರು. ಮನೆಗೆ ಕನ್ನ ಹಾಕುವುದು, ಕೊಟ್ಟಿಗೆಯಿಂದ ದನ ಹೊಡೆದುಕೊಂಡು ಹೋಗುವುದು ಎಲ್ಲರಿಗೂ ಗೊತ್ತಿತ್ತು. ಕಾರು ಕಳುವಾಗುತ್ತದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಅದಕ್ಕೆ ಕೀ ಇದೆಯಲ್ಲ ಎನ್ನುತ್ತಿದ್ದರು.

ದುರ್ಗಿಗುಡಿಯ ಆ ಮನೆಯ ಯಜಮಾನರು ವಕೀಲ ಷಡಕ್ಷರಪ್ಪನವರು. ಅವರ ಹೆಂಡತಿ ಬಸವರಾಜೇಶ್ವರಿ, ಬಳಗಕ್ಕೆಲ್ಲ ರಾಜಮ್ಮ. ಹಿಂದಿನ ಸಂಜೆಯಷ್ಟೇ ಅವರ ಮಗಳ ನಿಶ್ಚಿತಾರ್ಥ ನಡೆದಿತ್ತು. ಗಂಡು ಭದ್ರಾವತಿಯ ಓಂಕಾರಪ್ಪನವರ ಮಗ. ಓಂಕಾರಪ್ಪನವರೂ ಕಾರಿನಲ್ಲೇ ಬಂದಿದ್ದರು, ತಾವೇ ನಡೆಸಿಕೊಂಡು. ಅವರದ್ದೂ ಅದೇ ಕಂಪನಿಯ ವಿಲಾಯಿತಿ ಕಾರು, ಅದೇ ಕಪ್ಪು ಬಣ್ಣ, ಚಾವಣಿಗೆ ಅದೇ ಬಟ್ಟೆಯ ಹುಡ್ಡು. ಗಂಡಿನ ಕಡೆಯವರ ಕಾರೆಂದು ಹೆಂಗಸರು ಅದರ ಮೂತಿಗೆ ಸೇವಂತಿಗೆ ಹಾರ ಕಟ್ಟಿದರು. ಹಾರ ಇನ್ನೊಂದು ಉಳಿದಿತ್ತು, ಅದನ್ನು ಮನೆಯ ಕಾರಿಗೇ ಕಟ್ಟಿದರು.

ಊಟ ಮುಗಿದ ಮೇಲೆ ಗಂಡಿನ ಕಡೆಯ ಹೆಂಗಸರು ಬಸ್ಸಿಗೆ ಹೊರಟರು. ಓಂಕಾರಪ್ಪನವರು ಎರಡು ಮನೆ ಆಚೆಗಿದ್ದ ಹಳೆಯ ಸ್ನೇಹಿತರನ್ನು ನೋಡಿಕೊಂಡು ಹಾಗೆಯೇ ಹೋಗುತ್ತೇನೆ, ನೀವು ಕಾಯಬೇಡಿ, ಮಲಗಿಕೊಳ್ಳಿ ಎಂದು ಹೇಳಿ ಹೋದರು. ಮಲಗುವ ಹೊತ್ತಿಗೆ ರಾಜಮ್ಮ ಕಿಟಕಿಯಿಂದ ನೋಡಿದಾಗ ಮನೆಯ ಮುಂದೆ ಒಂದೇ ಕಾರು ನಿಂತಿತ್ತು. ಬೀಗರು ಹೊರಟುಹೋದರು, ಉಳಿದಿರುವುದು ತಮ್ಮದು ಎಂದುಕೊಂಡರು. ಅದು ಅವರದ್ದೇ ಆಗಿತ್ತು. ಈಗ ಅದೂ ಇರಲಿಲ್ಲ.

ನಿಶ್ಚಿತಾರ್ಥಕ್ಕೆಂದು ಬಂದು ಉಳಿದಿದ್ದ ಷಡಕ್ಷರಪ್ಪನವರ ಅಕ್ಕ ಸುಭದ್ರಮ್ಮ ತುಳಸಿ ಕಟ್ಟೆಯ ಪಕ್ಕ ನಿಂತು, ಕೀ ಯಾರ ಹತ್ತಿರ ಇತ್ತು ಎಂದು ಮೊದಲು ಕೇಳಿದರು. ಭೂತಪ್ಪನ ಹತ್ತಿರ ಎಂದು ತಮ್ಮ ಹೇಳಿದಾಗ, ಇನ್ನು ಕೇಳುವುದೇನು ಉಳಿಯಿತು ಎಂದರು.

ಆಗ ರಾಜಮ್ಮ ರಾತ್ರಿ ಕೇಳಿದ ಸದ್ದಿನ ವಿಷಯ ಹೇಳಿದರು. ಕೀ ತಿರುಗಿದ ಸದ್ದು ಕೇಳಿತು, ಗಾಜು ಒಡೆದದ್ದಿಲ್ಲ, ಯಾರೂ ಕಾರು ತಳ್ಳಿದ್ದಿಲ್ಲ, ಭೂತಪ್ಪನೇ ಅಂದುಕೊಂಡೆ ಎಂದರು. ಆ ಕೊನೆಯ ಮಾತನ್ನು ಹೇಳಿದ ಕೂಡಲೇ ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಸುಭದ್ರಮ್ಮ ಅದನ್ನು ಪಕ್ಕದ ಮನೆಯವರಿಗೆ ಹೇಳಿಯಾಗಿತ್ತು.

ಭೂತಪ್ಪ ಬಂದದ್ದು ಎಂಟು ಗಂಟೆಗೆ, ಸೈಕಲ್ಲಿನ ಮೇಲೆ. ಮೊಣಕಾಲಿನವರೆಗೆ ಕೆಸರು. ಹೊಳಲೂರಿನವನು ಅವನು. ಅವತ್ತು ರಾತ್ರಿ ಅವನ ಗದ್ದೆಗೆ ನೀರು ಬಿಡುವ ಸರದಿ ಇತ್ತು. ಊಟವಾದ ಮೇಲೆ ಹೇಳಿಯೇ ಹೋಗಿದ್ದ, ಆದರೆ ಗದ್ದಲದಲ್ಲಿ ಯಾರಿಗೆ ಹೇಳಿದ್ದನೋ, ಯಾರಿಗೂ ನೆನಪಿರಲಿಲ್ಲ. ಹನ್ನೊಂದು ವರ್ಷದಿಂದ ಆ ಮನೆಯ ಕಾರು ನಡೆಸುತ್ತಿದ್ದವನು. ಅಂಗಳದಲ್ಲಿ ನೆರೆಹೊರೆಯವರು ಗುಂಪು ಕೂಡಿದ್ದನ್ನು ಕಂಡು, ಯಾರಿಗೆ ಏನಾಯಿತೋ ಎಂದು ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿ ಬಂದ.

ಷಡಕ್ಷರಪ್ಪನವರು ಅವನನ್ನು ಜಗಲಿಯ ಮುಂದೆ ನಿಲ್ಲಿಸಿಕೊಂಡು ಕೋರ್ಟಿನಲ್ಲಿ ಕೇಳುವ ಹಾಗೆಯೇ ಕೇಳಿದರು.

“ಕೀ ಎಲ್ಲಿ?”

ಭೂತಪ್ಪ ಅಂಗಿಯ ಜೇಬಿನಿಂದ ತೆಗೆದು ಕೊಟ್ಟ.

“ರಾತ್ರಿಯೆಲ್ಲ ಇದು ನಿನ್ನ ಜೇಬಲ್ಲೇ ಇತ್ತಾ?”

“ಇತ್ತು ಯಜಮಾನ್ರೇ.”

“ಯಾರಿಗಾದ್ರೂ ಕೊಟ್ಟಿದ್ಯಾ?”

“ಇಲ್ಲ.”

“ಇನ್ನೊಂದು ನನ್ನ ಬೀರುವಿನಲ್ಲಿದೆ. ಕೀ ಇಲ್ದೆ ಈ ಕಾರು ಹೊರಡತ್ತಾ?”

ಭೂತಪ್ಪ ಸ್ವಲ್ಪ ಯೋಚಿಸಿದ. “ಹೊರಡಲ್ಲ ಯಜಮಾನ್ರೇ,” ಎಂದ.

ತನಗೆ ಗೊತ್ತಿದ್ದ ನಿಜವನ್ನೇ ಹೇಳಿದ್ದ. ಆದರೆ ಆ ಒಂದು ಮಾತಿಗೆ ಅಂಗಳದಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗದ್ದೆಯ ಹತ್ತಿರ ನೀರುಗಂಟಿ ನನ್ನನ್ನು ನೋಡಿದ್ದಾನೆ, ಕೇಳಿ ಎಂದು ಅವನು ಹೇಳಿದ. ನಿನ್ನ ಊರಿನ ನೀರುಗಂಟಿ ನಿನ್ನ ಪರವಾಗಿ ಅಲ್ಲದೆ ನಮ್ಮ ಪರವಾಗಿ ಹೇಳುತ್ತಾನೆಯೇ ಎಂದು ಸುಭದ್ರಮ್ಮ ಕೇಳಿದರು. ತನ್ನ ಮೇಲೆ ಏನು ಬರುತ್ತಿದೆ ಎಂಬುದು ಅವನಿಗೆ ಆಗ ಅರ್ಥವಾಯಿತು. ಕಾಲಿನ ಕೆಸರು ಒಣಗಿ ಉದುರುತ್ತಿತ್ತು, ಅದನ್ನೇ ನೋಡುತ್ತ ನಿಂತ.

ಮಧ್ಯಾಹ್ನದೊಳಗೆ ಪೊಲೀಸು ಠಾಣೆಗೆ ದೂರು ಕೊಡುತ್ತೇನೆ, ಅದರಲ್ಲಿ ಕೀ ಯಾರ ಬಳಿ ಇತ್ತೆಂದು ಬರೆಯಲೇಬೇಕಾಗುತ್ತದೆ ಎಂದು ಷಡಕ್ಷರಪ್ಪನವರು ಹೇಳಿದರು. ಹಾಗೆ ಬರೆದರೆ ಮುಂದೇನು ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ರಾತ್ರಿ ಭೂತಪ್ಪ ಲಾಕಪ್ಪಿನಲ್ಲಿ ಮಲಗಬೇಕು. ಆಮೇಲೆ ಬಿಟ್ಟರೂ ಶಿವಮೊಗ್ಗದಲ್ಲಿ ಇನ್ನು ಯಾರೂ ಅವನ ಕೈಗೆ ಸ್ಟಿಯರಿಂಗ್ ಕೊಡುವುದಿಲ್ಲ.

ರಾಜಮ್ಮ ಗಂಡನನ್ನು ಒಳಗೆ ಕರೆದರು. ಅವನು ಅಂಥವನಲ್ಲ ಎಂದು ವಾದಿಸಿದರೆ ವಕೀಲರು ಒಪ್ಪುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಬೇರೆ ದಾರಿ ಹಿಡಿದರು. ಎರಡು ತಿಂಗಳ ಹಿಂದೆ ಭದ್ರಾವತಿಯ ಜನ್ನಾಪುರದ ರಿಪೇರಿ ಶೆಡ್ಡಿನಲ್ಲಿ ಕಾರಿಗೆ ಹೊಸ ಸ್ವಿಚ್ಚು ಹಾಕಿಸಿದ್ದರು.

“ಸ್ವಿಚ್ಚು ಹಾಕಿದವರ ಹತ್ರ ಮೂರನೇ ಕೀ ಉಳಿದಿದ್ರೆ? ನಾಳೆ ಎದುರು ಕಡೆ ವಕೀಲರು ಅದನ್ನೇ ಕೇಳಿದ್ರೆ ನೀವು ಏನು ಹೇಳ್ತೀರಿ?”

ಷಡಕ್ಷರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಪ್ರಶ್ನೆ ಸರಿಯಾಗಿತ್ತು. ದೂರು ಕೊಡುವುದನ್ನು ಸಂಜೆಗೆ ಮುಂದೂಡಲು ಒಪ್ಪಿದರು. ಬೀಗರಿಗೆ ಮಾತ್ರ ಈ ಸುದ್ದಿ ತಿಳಿಯಬಾರದು ಎಂದು ಕಟ್ಟುಮಾಡಿದರು. ನಿಶ್ಚಿತಾರ್ಥದ ರಾತ್ರಿಯೇ ಮನೆಯ ಕಾರು ಹೋಯಿತೆಂದರೆ ಅವರು ಅದನ್ನು ಅಪಶಕುನ ಎಂದು ತೆಗೆದುಕೊಂಡರೆ ಏನು ಗತಿ ಎಂಬ ಹೆದರಿಕೆ ಅವರಿಗೂ ಇತ್ತು, ರಾಜಮ್ಮನಿಗೂ ಇತ್ತು.

ಭೂತಪ್ಪನನ್ನೂ ಕರೆದುಕೊಂಡು ಹತ್ತು ಗಂಟೆಯ ಭದ್ರಾವತಿ ಬಸ್ಸಿಗೆ ಮೂವರೂ ಹೊರಟರು. ಬಸ್ ನಿಲ್ಲುವ ಜಾಗದಲ್ಲಿ ಇಬ್ಬರು ಮೂವರು, ಏನು ವಕೀಲರೇ ಇವತ್ತು ಬಸ್ಸು, ಕಾರಿಗೆ ರಜಾ ಕೊಟ್ಟಿರಾ ಎಂದು ನಗುತ್ತ ಕೇಳಿದರು. ಭೂತಪ್ಪ ಬಸ್ಸಿನ ಹಿಂದಿನ ಮೂಲೆಯಲ್ಲಿ ಕಂಬಿ ಹಿಡಿದುಕೊಂಡು ನಿಂತಿದ್ದ. ಸೀಟು ಖಾಲಿ ಇದ್ದರೂ ಕೂರಲಿಲ್ಲ. ರಾಜಮ್ಮ ಭದ್ರಾವತಿ ಬರುವವರೆಗೂ ಒಂದೇ ಯೋಚಿಸುತ್ತಿದ್ದರು. ತಾನು ಕೇಳಿದ್ದು ಒಂದು ಸದ್ದು ಅಷ್ಟೇ. ಆ ಸದ್ದಿನ ಮುಂದೆ ಒಂದು ಹೆಸರು ಸೇರಿಸಿದ್ದು ಯಾಕೆ?

ಜನ್ನಾಪುರದ ಶೆಡ್ಡನ್ನು ನಡೆಸುತ್ತಿದ್ದವರು ಮಾಸ್ತಮ್ಮ. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ಆಮೇಲೆ ಸ್ವಂತಕ್ಕೆ ಈ ಶೆಡ್ಡು ಹಾಕಿದ್ದರು. ಅವರು ತೀರಿಕೊಂಡ ಮೇಲೆ ಇಬ್ಬರು ಕೆಲಸಗಾರರನ್ನು ಇಟ್ಟುಕೊಂಡು ಮಾಸ್ತಮ್ಮನೇ ನೋಡಿಕೊಳ್ಳುತ್ತಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಂಜಿನ್ನಿನ ಸದ್ದನ್ನು ಕಿವಿಗೊಟ್ಟು ಕೇಳಿ, ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳುವಷ್ಟು ಕೆಲಸ ಬಲ್ಲವರು. ಅವತ್ತು ಶೆಡ್ಡಿನಲ್ಲಿ ರಿಪೇರಿಗೆ ಬಂದ ಎರಡು ಕಾರು ನಿಂತಿದ್ದವು.

ಷಡಕ್ಷರಪ್ಪನವರು ನಡೆದದ್ದನ್ನು ಹೇಳಿ, ತಮ್ಮ ಕಾರಿನ ಮೂರನೇ ಕೀ ನಿಮ್ಮಲ್ಲಿ ಉಳಿದಿದೆಯೇ ಎಂದು ಕೇಳಿದರು. ಮಾಸ್ತಮ್ಮ ಗೋಡೆಯ ಮೊಳೆಯಿಂದ ಒಂದು ತಂತಿಯ ಬಳೆಯನ್ನು ತೆಗೆದರು. ಅದರಲ್ಲಿ ಏಳೆಂಟು ಕೀ ಜೋತಾಡುತ್ತಿದ್ದವು.

“ಯಾವ್ದು ಬೇಕು ತಗೊಳ್ಳಿ ವಕೀಲರೇ. ಯಾವ್ದಾದ್ರೂ ಆಗತ್ತೆ.”

ವಕೀಲರಿಗೆ ಅರ್ಥವಾಗಲಿಲ್ಲ. ಮಾಸ್ತಮ್ಮ ಅವರ ಕೈಯಲ್ಲಿದ್ದ ಕೀಯನ್ನೇ ಕೊಡಿ ಎಂದು ಇಸಿದುಕೊಂಡರು. ಬೆಳಿಗ್ಗೆ ಭೂತಪ್ಪನ ಜೇಬಿನಿಂದ ಬಂದ ಕೀ ಅದು. ಶೆಡ್ಡಿನಲ್ಲಿ ನಿಂತಿದ್ದ ಎಸ್ಟೇಟಿನ ಸಾಹುಕಾರರೊಬ್ಬರ ಕಾರಿನ ಹತ್ತಿರ ಹೋದರು. ಬಾಗಿಲಿಗೆ ಬೀಗವಿರಲಿಲ್ಲ, ಹಿಡಿ ಒತ್ತಿದರೆ ತೆರೆಯಿತು. ಸ್ವಿಚ್ಚಿನಲ್ಲಿ ಕೀ ತೂರಿಸಿ ತಿರುವಿದರು. ‘ಟಕ್’ ಎಂದಿತು. ಕೆಂಪು ದೀಪ ಹತ್ತಿತು. ಸ್ಟಾರ್ಟರಿನ ಗುಂಡಿ ಎಳೆದರು. ಎಂಜಿನ್ನು ಒಮ್ಮೆ ಕೆಮ್ಮಿ ಓಡತೊಡಗಿತು.

“ಈ ಕಾರು ಕಳುವಾದ್ರೆ ಯಾರನ್ನ ಹಿಡೀಬೇಕು? ಕೀ ನಿಮ್ಮ ಜೇಬಲ್ಲಿತ್ತು. ನಿಮ್ಮನ್ನೇ ಹಿಡೀಬೇಕಾ?”

ಷಡಕ್ಷರಪ್ಪನವರು ಓಡುತ್ತಿದ್ದ ಎಂಜಿನ್ನನ್ನೂ ಕೀಯನ್ನೂ ಮತ್ತೆ ಮತ್ತೆ ನೋಡಿದರು. ಅಷ್ಟು ವರ್ಷ ಕಾರು ನಡೆಸಿದ ಭೂತಪ್ಪನಿಗೂ ಅದು ಹೊಸ ಸಂಗತಿ. ಬೇರೆಯವರ ಕಾರಿಗೆ ತನ್ನ ಕೀ ಹಾಕಿ ನೋಡಲು ಅವನಿಗೆ ಯಾಕೆ ತೋಚಬೇಕು?

ಮಾಸ್ತಮ್ಮ ಎಂಜಿನ್ನು ನಿಲ್ಲಿಸಿ ವಿವರಿಸಿದರು. ಈ ಬಗೆಯ ಕಾರುಗಳ ಸ್ವಿಚ್ಚುಗಳು ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಬರುತ್ತವೆ. ಕೀಯೂ ಒಂದೇ ಅಚ್ಚು. ಕಳೆದುಹೋದರೆ ಯಾವ ಅಂಗಡಿಯಲ್ಲಾದರೂ ಸಿಗಲಿ ಎಂದು ಕಂಪನಿಯವರೇ ಹಾಗೆ ಮಾಡುತ್ತಾರೆ.

“ಮನೆ ಬೀಗ ಕಳ್ಳನಿಗೆ ಅಂತ ಮಾಡಿದ್ದು. ಇದು ಹಂಗಲ್ಲ. ಸ್ವಿಚ್ಚು ಹಾಕಿ ಮರೆತು ಹೋದ್ರೆ ಬ್ಯಾಟರಿ ಇಳಿದುಹೋಗ್ತದೆ ನೋಡಿ, ಅದಕ್ಕೆ ಕೊಟ್ಟಿರೋ ಕೀ ಇದು. ನೀವು ಇದನ್ನ ತಿಜೋರಿ ಕೀ ಅಂತ ತಿಳ್ಕೊಂಡು ಜೇಬಲ್ಲಿಟ್ಟು ನಿದ್ದೆ ಮಾಡ್ತೀರಿ.”

ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದು ತೋರಿಸಿದರು. ಹುಡ್ಡು ಬರೀ ಬಟ್ಟೆ. ಬಾನೆಟ್ಟಿಗೆ ಎರಡು ಕೊಂಡಿ, ಹೊರಗಿನಿಂದಲೇ ಬಿಚ್ಚಬಹುದು. ಸ್ಟೆಪ್ನಿ ಚಕ್ರ ಹೊರಗೆ, ಪೆಟ್ರೋಲಿನ ಮುಚ್ಚಳ ಹೊರಗೆ. ಹ್ಯಾಂಡ್‌ಬ್ರೇಕು ಬಿಟ್ಟರೆ ನಾಲ್ಕು ಜನ ಎಲ್ಲಿಗೆ ಬೇಕಾದರೂ ತಳ್ಳಿಕೊಂಡು ಹೋಗಬಹುದು. ಎತ್ತಿನ ಗಾಡಿಯಾದರೆ ಹೊಸಬರು ನೊಗ ಮುಟ್ಟಿದಾಗ ಎತ್ತಾದರೂ ತಲೆ ಕೊಡವುತ್ತದೆ, ಕಾರಿಗೆ ಹೊಸಬರು ಹಳಬರು ತಿಳಿಯುವುದಿಲ್ಲ ಎಂದರು.

ಅಷ್ಟರಲ್ಲಿ ಶೆಡ್ಡಿನ ಮುಂದೆ ಒಂದು ಕರಿ ಕಾರು ಬಂದು, ನಿಲ್ಲಬೇಕಾದ ಜಾಗಕ್ಕಿಂತ ಎರಡು ಮಾರು ಮುಂದೆ ಹೋಗಿ ನಿಂತಿತು. ಓಂಕಾರಪ್ಪನವರು ಇಳಿದರು. ಅವರಿಗೆ ದೂರದ್ದು ಮಂಜಾಗಿ ಕಾಣುತ್ತಿತ್ತು, ಆದರೆ ಕನ್ನಡಕ ಹಾಕಿ ಕಾರು ನಡೆಸುವುದು ಅವಮಾನ ಎಂದುಕೊಂಡಿದ್ದರು. ಮಾಸ್ತಮ್ಮನ ಸೀರೆಯ ಬಣ್ಣ ಗುರುತು ಹಿಡಿದು ಅಲ್ಲಿಂದಲೇ ಶುರು ಮಾಡಿದರು.

“ಮಾಸ್ತಮ್ಮ, ಹೋದ ವಾರ ನೀನು ಬಿಗಿ ಮಾಡಿಕೊಟ್ಟ ಬ್ರೇಕು ಎಲ್ಲಿಗೆ ಹೋಯ್ತು ಮಾರಾಯ್ತಿ? ನಿನ್ನೆ ರಾತ್ರಿಯಿಂದ ಕಾಲು ಪೂರ್ತಿ ಒತ್ತಿದ್ರೂ ನಿಲ್ತಾ ಇಲ್ಲ. ಸೀಟು ಮುಂದಕ್ಕೆ ಬಂದಿದೆ. ಹಾರ್ನು ಮುದುಕ ಕೆಮ್ಮಿದ ಹಾಗೆ ಕೂಗತ್ತೆ.”

ಷಡಕ್ಷರಪ್ಪನವರು ಆ ಹಾರ್ನನ್ನು ಬೆಂಗಳೂರಿನಿಂದ ತರಿಸಿದ್ದರು. ಏನೋ ಹೇಳಲು ಬಾಯಿ ತೆರೆದವರ ಕಣ್ಣು ಕಾರಿನ ಹಿಂದಿನ ನಂಬರಿನ ಮೇಲೆ ಬಿತ್ತು. ಅದು ಅವರದೇ ನಂಬರು.

ಭೂತಪ್ಪ ಕಾರಿನ ಮಡ್ಗಾರ್ಡನ್ನು ಮುಟ್ಟಿ ನೋಡಿದ. ಅವನೇ ಕಳೆದ ತಿಂಗಳು ಬಡಿದು ಸರಿಮಾಡಿದ್ದ ತಗ್ಗು ಅಲ್ಲೇ ಇತ್ತು. ಅಲ್ಲಿ ಬಿದ್ದಿದ್ದ ಹಳೆಯ ಟಯರಿನ ಮೇಲೆ ಕುಳಿತುಬಿಟ್ಟ.

ಹತ್ತಿರ ಬಂದ ಮೇಲೆ ಬೀಗರನ್ನು ಕಂಡು ಓಂಕಾರಪ್ಪನವರು ಹಿಗ್ಗಿದರು. ಬಂದವರು ಮನೆಗೆ ಬರದೆ ಶೆಡ್ಡಿಗೆ ಬಂದಿದ್ದೀರಲ್ಲ ಎಂದು ಆಕ್ಷೇಪಿಸಿದರು. ಇವರಿಗೆ ಹೇಗೆ ಹೇಳುವುದು ಎಂದು ಷಡಕ್ಷರಪ್ಪನವರು ಹೆಂಡತಿಯ ಕಡೆ ನೋಡಿದರು. ಬೆಳಿಗ್ಗೆ ಒಂದು ಮಾತು ಹೆಚ್ಚಾಗಿ ಆಡಿ ಒಬ್ಬನನ್ನು ಕಷ್ಟಕ್ಕೆ ಸಿಕ್ಕಿಸಿದ್ದ ರಾಜಮ್ಮ ಈಗ ಒಂದೊಂದು ಮಾತನ್ನೂ ತೂಗಿ ಆಡಿದರು.

“ನಿನ್ನೆ ನಮ್ಮ ಮನೆ ಮುಂದೆ ಎರಡು ಕಾರು ಇದ್ವು. ಎರಡಕ್ಕೂ ನಾವೇ ಹಾರ ಕಟ್ಟಿದ್ವಿ. ಕತ್ತಲಲ್ಲಿ ಅವು ಅದಲುಬದಲಾಗಿವೆ ಅಂತ ಕಾಣತ್ತೆ. ನೀವು ತಂದಿರೋದು ನಮ್ಮದು.”

ಓಂಕಾರಪ್ಪನವರು ನಕ್ಕರು. ತಮ್ಮ ಕೀ ತೆಗೆದು ತೋರಿಸಿ, ಇದೇ ಕೀಗೆ ಹೊರಟ ಕಾರು ನಿಮ್ಮದು ಹೇಗಾಗುತ್ತದೆ ಎಂದರು. ಬೆಳಿಗ್ಗೆ ಷಡಕ್ಷರಪ್ಪನವರು ಹೇಳಿದ ಮಾತೇ ಅದು. ಮಾಸ್ತಮ್ಮ ಅವರನ್ನು ಕಾರಿನ ಹಿಂದಕ್ಕೆ ಕರೆದುಕೊಂಡು ಹೋಗಿ, ಬಗ್ಗಿ ನಂಬರು ಓದಿ ಎಂದರು. ಓದಿದ ಓಂಕಾರಪ್ಪನವರು ನಿಧಾನವಾಗಿ ಫುಟ್‌ಬೋರ್ಡಿನ ಮೇಲೆ ಕುಳಿತರು. ಕುಡಿಯಲು ನೀರು ಕೇಳಿದರು.

ನಡೆದದ್ದು ಇಷ್ಟು. ಸ್ನೇಹಿತರ ಮನೆಯಲ್ಲಿ ಪಗಡೆಗೆ ಕುಳಿತು ಹೊತ್ತಾಯಿತು. ಬೀಗರನ್ನು ಎಬ್ಬಿಸಬಾರದೆಂದು ಸದ್ದಿಲ್ಲದೆ ಬಂದರು. ತಾವು ಕಾರು ನಿಲ್ಲಿಸಿದ್ದ ಜಾಗದಲ್ಲೇ ಕರಿ ಕಾರು, ಮೂತಿಗೆ ಹಾರ. ಹತ್ತಿ ಕುಳಿತರು, ಕೀ ತಿರುಗಿತು, ಹೊರಟರು. ಹಾಗಾದರೆ ಅವರ ಕಾರು ಏನಾಯಿತು? ಅದು ಸಂಜೆ ಶಿವಮೊಗ್ಗಕ್ಕೆ ಹಿಂತಿರುಗಿದ ಮೇಲೆ ತಿಳಿಯಿತು. ರಾತ್ರಿ ಒಂಬತ್ತಕ್ಕೆ ಅಡುಗೆಯ ಪಾತ್ರೆ ಒಯ್ಯಲು ಗಾಡಿ ಬಂದಿತ್ತು. ಗಾಡಿಗೆ ಜಾಗ ಬೇಕಾಗಿ, ಗಾಡಿಯವರು ಬೀಗರ ಕಾರಿನ ಬಾಗಿಲು ತೆರೆದು, ಬ್ರೇಕು ಬಿಟ್ಟು, ಹಿಂದಿನ ಗಲ್ಲಿಗೆ ತಳ್ಳಿ ನಿಲ್ಲಿಸಿದ್ದರು. ಆಮೇಲೆ ಬೀಗರು ಹೊರಟುಹೋದರೆಂದುಕೊಂಡು ಮನೆಯ ಕಾರನ್ನು ಭೂತಪ್ಪನೇ ಮುಂದಕ್ಕೆ ತಂದು ಆ ಜಾಗದಲ್ಲಿ ನಿಲ್ಲಿಸಿ ಊರಿಗೆ ಹೋಗಿದ್ದ. ಗಲ್ಲಿಯವರು ಅಲ್ಲಿದ್ದದ್ದು ವಕೀಲರ ಕಾರೇ ಎಂದುಕೊಂಡಿದ್ದರಿಂದ ಯಾರೂ ಬಂದು ಹೇಳಿರಲಿಲ್ಲ.

“ಅಂದ್ರೆ ಹೆಣ್ಣಿನ ಮನೆ ಕಾರನ್ನ ನಾನೇ ಹೊತ್ಕೊಂಡು ಬಂದೆ,” ಎಂದರು ಓಂಕಾರಪ್ಪನವರು.

ಮೊದಲು ನಕ್ಕವರು ಮಾಸ್ತಮ್ಮ. ಆಮೇಲೆ ಓಂಕಾರಪ್ಪನವರಿಗೂ ನಗು ಬಂತು, ವಕೀಲರಿಗೂ ಬಂತು. ರಾಜಮ್ಮನಿಗೆ ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. ಭೂತಪ್ಪ ಒಬ್ಬ ನಗಲಿಲ್ಲ. ಟಯರಿನ ಮೇಲೆ ಮುಖ ತಿರುಗಿಸಿಕೊಂಡು ಕುಳಿತೇ ಇದ್ದ.

ಅವನಿಗೇನಾಗಿದೆ ಎಂದು ಓಂಕಾರಪ್ಪನವರು ಕೇಳಿದಾಗ ಷಡಕ್ಷರಪ್ಪನವರು ಮುಚ್ಚಿಡಲಿಲ್ಲ. ಸಂಜೆಗೆ ಅವನ ಮೇಲೆ ದೂರು ಕೊಡುವವನಿದ್ದೆ ಎಂದರು. ಆಮೇಲೆ ಭೂತಪ್ಪನ ಹತ್ತಿರ ಹೋಗಿ ಕೀಯನ್ನು ಅವನ ಕೈಗೆ ಕೊಟ್ಟರು.

“ತಪ್ಪಾಯ್ತು ಭೂತಪ್ಪ. ನಿನ್ನನ್ನ ಅಷ್ಟೆಲ್ಲ ಕೇಳಿದೆ. ಕಾರಿನ ವಿಷಯ ಬಲ್ಲವರನ್ನ ಒಂದು ಮಾತು ಕೇಳಲಿಲ್ಲ.”

“ನನಗೆ ಕೇಳಿದ್ದು ಕೀ ಸದ್ದು ಮಾತ್ರ,” ಎಂದರು ರಾಜಮ್ಮ. “ಯಾರ ಕೀ ಅಂತ ನನಗೆ ಗೊತ್ತಿರಲಿಲ್ಲ. ಅದನ್ನ ನಾನು ಹೇಳಬೇಕಿತ್ತು.”

ಭೂತಪ್ಪ ಎದ್ದು ನಿಂತ. ಇರಲಿ ಬಿಡಿ ಅಮ್ಮಾವ್ರೇ ಎಂದು ತಲೆ ತಗ್ಗಿಸಿದ. ಓಂಕಾರಪ್ಪನವರೂ ಎದ್ದು ಅವನ ಮುಂದೆ ಬಂದರು. ಅವರ ಮುಖದಲ್ಲಿ ಈಗ ನಗು ಇರಲಿಲ್ಲ.

“ನಿನ್ನ ಹೆಸರು ಅವರ ಬೀದಿಯಲ್ಲಿ ಕೆಟ್ಟಿದೆ ಅಂತಾಯ್ತು. ಕಾರು ತಂದವನು ನಾನು. ನೀನು ಹೇಳು, ಅದೇ ಬೀದಿಯಲ್ಲಿ ನಿಂತು ಎಲ್ಲರೆದುರಿಗೆ ಹೇಳ್ತೀನಿ. ಊರು ನಗಲಿ, ನೀನು ಯೋಚಿಸಬೇಡ.”

ಯೋಚಿಸಿ ಹೇಳುತ್ತೇನೆ ಎಂದಷ್ಟೇ ಭೂತಪ್ಪ ಅಂದ.

ಮಾಸ್ತಮ್ಮ ಅವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಬಾನೆಟ್ಟು ತೆರೆದು, ಎಂಜಿನ್ನಿನ ಪಕ್ಕದಲ್ಲಿ ತಂತಿಗಳು ಬಂದು ಸೇರುವ ಒಂದು ಕಪ್ಪು ಮುಚ್ಚಳವನ್ನು ಬಿಚ್ಚಿ, ಒಳಗಿನಿಂದ ಹೆಬ್ಬೆರಳಿನಷ್ಟಿದ್ದ ಒಂದು ತುಂಡನ್ನು ತೆಗೆದು ರಾಜಮ್ಮನ ಅಂಗೈಯಲ್ಲಿಟ್ಟರು. ಅದಕ್ಕೆ ರೋಟರ್ ಎನ್ನುತ್ತಾರೆ, ಅದಿಲ್ಲದಿದ್ದರೆ ಎಂಜಿನ್ನಿಗೆ ಕಿಡಿ ಹೋಗುವುದಿಲ್ಲ, ಯಾರ ಕೀ ಹಾಕಿ ತಿರುವಿದರೂ ಕಾರು ಹೊರಡುವುದಿಲ್ಲ ಎಂದರು. ರಾತ್ರಿ ಕಾರು ಹೊರಗೆ ಬಿಡಬೇಕಾದರೆ ಇದನ್ನು ತೆಗೆದು ಮನೆಯೊಳಗಿಡಿ. ಮಧ್ಯಾಹ್ನದೊಳಗೆ ಅವರ ಕೆಲಸಗಾರ ಕಿಡಿ ಹೋಗುವ ತಂತಿಯ ನಡುವೆ ಇನ್ನೊಂದು ಗುಟ್ಟಿನ ಸ್ವಿಚ್ಚನ್ನೂ ಕೂರಿಸಿದ. ಎಲ್ಲಿ ಕೂರಿಸಿದನೆಂದು ಇಲ್ಲಿ ಬರೆಯುವುದಿಲ್ಲ. ಓಂಕಾರಪ್ಪನವರು ತಮ್ಮ ಕಾರಿಗೂ ಹಾಕಿಸುವುದಾಗಿ ಹೇಳಿದರು. ಕನ್ನಡಕವನ್ನೂ ಹಾಕಿಸಿಕೊಳ್ಳಿ ಎಂದರು ಮಾಸ್ತಮ್ಮ.

ಸಂಜೆ ನಾಲ್ವರೂ ಅದೇ ಕಾರಿನಲ್ಲಿ ಶಿವಮೊಗ್ಗಕ್ಕೆ ಬಂದರು. ಭೂತಪ್ಪ ನಡೆಸಿದ. ಹಿಂದಿನ ಗಲ್ಲಿಯಲ್ಲಿ ನಿಂತಿದ್ದ ಕಾರನ್ನು ಅವನು ತೋರಿಸಿದಾಗ ಓಂಕಾರಪ್ಪನವರು ತಿರುವಿನಲ್ಲೇ ಇಳಿದು ಅದರ ಹತ್ತಿರ ಹೋದರು. ಅದರಲ್ಲಿ ಮೂರು ಮಕ್ಕಳು ಕುಳಿತು ಬೆಂಗಳೂರಿಗೆ ಹೋಗುವ ಆಟ ಆಡುತ್ತಿದ್ದವು. ಅವನ್ನು ಇಳಿಸಿ, ನಂಬರನ್ನು ಎರಡು ಸಲ ಓದಿ, ಕತ್ತಲಾಗುವ ಮೊದಲೇ ಊರು ಸೇರಿದರು.

ಮನೆಯ ಮುಂದೆ ಕಾರು ನಿಂತಾಗ ಬೆಳಗಿನ ಜನರೇ ಮತ್ತೆ ಸೇರಿದರು. ಷಡಕ್ಷರಪ್ಪನವರು ಜಗಲಿಯ ಮೇಲೆ ನಿಂತು ಹೇಳಿದರು. ಕಾರು ಭದ್ರಾವತಿಯಲ್ಲಿ ಸಿಕ್ಕಿತು. ಇದೇ ಅಚ್ಚಿನ ಬೇರೆ ಕೀ ಇದ್ದವರು ತಮ್ಮ ಕಾರೆಂದು ತಿಳಿದು ಒಯ್ದಿದ್ದರು. ಭೂತಪ್ಪನದು ಇದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಅವನ ಮೇಲೆ ಸಂಶಯಪಟ್ಟದ್ದು ನನ್ನ ತಪ್ಪು. ಬೆಳಿಗ್ಗೆ ನಿಮ್ಮೆಲ್ಲರ ಮುಂದೆ ಅವನನ್ನು ಕೇಳಿದೆ, ಅದಕ್ಕೇ ಈಗ ನಿಮ್ಮೆಲ್ಲರ ಮುಂದೆಯೇ ಹೇಳುತ್ತಿದ್ದೇನೆ.

ಸುಭದ್ರಮ್ಮ ಮಾತ್ರ ನಂಬಲಿಲ್ಲ. ಯಾರೋ ಬಂದು ಯಾವುದೋ ಕೀ ಹಾಕಿದರೆ ನಮ್ಮ ಕಾರು ಹೋಗಿಬಿಡುತ್ತದೆಯೇ ಎಂದರು. ಭೂತಪ್ಪ, ಮಾಸ್ತಮ್ಮ ತಂತಿಯ ಬಳೆಯಿಂದ ತೆಗೆದು ಕೊಟ್ಟು ಕಳಿಸಿದ್ದ ಬೇರೊಂದು ಕೀಯನ್ನು ಅವರ ಕೈಗೆ ಕೊಟ್ಟು ಸೀಟಿನಲ್ಲಿ ಕೂರಿಸಿದ. ಅವರು ಹೆದರಿಕೊಂಡೇ ತಿರುವಿದರು, ಅವನು ಸ್ಟಾರ್ಟರಿನ ಗುಂಡಿ ಎಳೆದ. ಎಂಜಿನ್ನು ಓಡತೊಡಗಿದಾಗ ಕಾಲು ಮೇಲೆತ್ತಿಕೊಂಡರು. ಅವನು ಎಂಜಿನ್ನು ನಿಲ್ಲಿಸಿ, ರೋಟರನ್ನು ತೆಗೆದು ರಾಜಮ್ಮನಿಗೆ ಕೊಟ್ಟು, ಈಗ ತಿರುವಿ ಎಂದ. ಸುಭದ್ರಮ್ಮ ನಾಲ್ಕು ಸಲ ತಿರುವಿದರೂ ಕಾರು ಹೊರಡಲಿಲ್ಲ.

ಅವರು ಕೆಳಗಿಳಿದರು. “ಊಟ ಮಾಡಿದ್ಯೇನೋ ಭೂತಪ್ಪ, ಬೆಳಿಗ್ಗೆಯಿಂದ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವನಿಗೆ ಬಡಿಸಲು ಒಳಗೆ ಹೋದರು.

ಓದುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿ ಕಾರಿದ್ದರೆ ಇವತ್ತೇ ಹೋಗಿ ಅದನ್ನು ಒಮ್ಮೆ ಸುತ್ತಿ ನೋಡಿ. ಬಾಗಿಲಿಗೆ ಬೀಗವಿದೆಯೇ? ಬಾನೆಟ್ಟು ಹೊರಗಿನಿಂದಲೇ ತೆರೆಯುತ್ತದೆಯೇ? ನಿಮ್ಮ ಕೀ ಬೇರೆ ಕಾರಿಗೂ ಆಗುತ್ತದೆಯೇ ಎಂದು ಕೆಲಸ ಬಲ್ಲ ರಿಪೇರಿಯವರನ್ನು ಕೇಳಿ. ಆಗುತ್ತದೆ ಎಂದರೆ ಗುಟ್ಟಿನ ಸ್ವಿಚ್ಚು ಹಾಕಿಸಿ, ರಾತ್ರಿ ಹೊರಗೆ ಬಿಟ್ಟರೆ ರೋಟರ್ ತೆಗೆದಿಡಿ, ಸ್ಟೆಪ್ನಿಗೆ ಸರಪಳಿ ಹಾಕಿ. ಮದುವೆ ಮನೆಯಲ್ಲಿ ಕಾರುಗಳು ಸೇರುವಾಗ ಒಬ್ಬರನ್ನು ನೋಡಿಕೊಳ್ಳಲು ಬಿಡಿ, ಯಾವ ಕಾರನ್ನು ಎಲ್ಲಿಗೆ ಸರಿಸಿದರೆಂದು ಮನೆಯವರಿಗೆ ಗೊತ್ತಿರಲಿ. ತಪ್ಪಿ ಬಂದ ಒಳ್ಳೆಯವರ ಕೀಗೆ ಹೊರಡುವ ಕಾರು ಬೇಕೆಂದೇ ಬಂದ ಕಳ್ಳನ ಕೀಗೂ ಹೊರಡುತ್ತದೆ. ಎಲ್ಲಕ್ಕಿಂತ ಮೊದಲು ಇನ್ನೊಂದು ಮಾತು. ಏನಾದರೂ ಕಾಣೆಯಾದರೆ, ಮನೆಯಲ್ಲಿ ದುಡಿಯುವವರ ಹೆಸರು ಹೇಳುವ ಮುಂಚೆ ವಸ್ತುವನ್ನು ನೋಡಿ, ಬೀಗವನ್ನು ನೋಡಿ. ಕಾರು ಹೋದರೆ ಇನ್ನೊಂದು ಕೊಳ್ಳಬಹುದು. ಹೋದ ಹೆಸರನ್ನು ಕೊಳ್ಳಲು ಯಾವ ಅಂಗಡಿಯೂ ಇಲ್ಲ.

ಆ ರಾತ್ರಿ ಭೂತಪ್ಪ ಊಟ ಮುಗಿಸಿ ಕೈ ತೊಳೆಯುವಾಗ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು, ಕಾರು ಒಯ್ದವರು ಯಾರು ಮಾರಾಯ, ನಮಗಾದರೂ ಹೇಳು ಎಂದರು. ಅವನು ಒಳಗೆ ನೋಡಿದ. ವಕೀಲರ ಮಗಳು ದೀಪದ ಹತ್ತಿರ ಕುಳಿತು, ಭದ್ರಾವತಿಯ ಬೀಗರ ಮನೆಯಿಂದ ಬಂದ ಸೀರೆಯ ಅಂಚನ್ನು ಅಮ್ಮನಿಗೆ ತೋರಿಸುತ್ತಿದ್ದಳು. ಇನ್ನೊಂದು ತಿಂಗಳಿಗೆ ಅವಳು ಬಾಳಲು ಹೋಗುವ ಮನೆ ಅದು. ಆ ಮನೆಯ ಹಿರಿಯರ ಹೆಸರು ಹೇಳಿ ಈ ಬೀದಿ ನಕ್ಕರೆ, ನಗು ಅವಳ ಹಿಂದೆಯೇ ಹೋಗುತ್ತದೆ. ತನ್ನ ಹೆಸರನ್ನು ಯಜಮಾನರು ಜಗಲಿಯ ಮೇಲೆ ನಿಂತು ತಿರುಗಿ ಕೊಟ್ಟಿದ್ದರು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಕಾರು ಬಂತಲ್ಲ ಸ್ವಾಮಿ ಎಂದು ಹೇಳಿ ಅವನು ಸೈಕಲ್ಲು ಎತ್ತಿಕೊಂಡ. ಭದ್ರಾವತಿಗೆ ಹೇಳಿ ಕಳಿಸುವುದು ಬೇಡ, ಓಂಕಾರಪ್ಪನವರು ಈ ಬೀದಿಯಲ್ಲಿ ನಿಂತು ಏನನ್ನೂ ಹೇಳುವುದು ಬೇಡ. ಯಾರು ಕೇಳಿದರೂ, ಹೊಳಲೂರಿನಲ್ಲಿ ಕಾದಿರುವ ಹೆಂಡತಿ ಕೇಳಿದರೂ, ಈ ಸಂಗತಿಯನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿಕೊಂಡು ಊರಿನ ದಾರಿ ಹಿಡಿದ.